ಒಂಬತ್ತನೇ ತರಗತಿಗೆ ಬಂದಕೂಡಲೇ ಎನ್‌ಸಿಸಿ ಬಿಡುವ ಮಕ್ಕಳು

ದಾವಣಗೆರೆಯ ನಿಮ್ಮ ಶಾಲೆಯಲ್ಲಿ ಎಂಟನೇ ತರಗತಿಯಲ್ಲಿ ಸೇರಿದ ಕೆಡೆಟ್‌ಗಳು ಒಂಬತ್ತಕ್ಕೆ ಬಿಡುತ್ತಾರೆ, ಪೋಷಕರಾಗಿ ಏನು ಮಾಡಬಹುದು ಅಂತ ಕೇಳಿದ್ದೀರಿ. ಮಕ್ಕಳಿಗೆ ಬೇಸರವಾಗಿ ಬಿಟ್ಟಿರೋದು ಕಡಿಮೆ ಇರಬೇಕು. ಪರೇಡ್ ದಿನದ ಟ್ಯೂಷನ್, ಕ್ಯಾಂಪಿಗೆ ಕಳಿಸೋ ಭಯ, ಇವೆರಡೇ ಸಾಮಾನ್ಯ ಕಾರಣ.

ಮೊದಲು ಎಎನ್‌ಒ, ಅಂದರೆ ಶಾಲೆಯ ಎನ್‌ಸಿಸಿ ನೋಡಿಕೊಳ್ಳುವ ಅಧಿಕಾರಿ, ಆಗಿರುವ ಮೇಷ್ಟ್ರನ್ನು ಕಂಡು ವರ್ಷದ ಪರೇಡ್ ದಿನಗಳ ಪಟ್ಟಿ ಬರೆಸಿಕೊಳ್ಳಿ. ಅದನ್ನು ಟ್ಯೂಷನ್‌ನವರಿಗೆ ಜೂನ್‌ನಲ್ಲೇ ಕೊಡಿ. ನಡುವರ್ಷದಲ್ಲಿ ಕೇಳಿದರೆ ಬ್ಯಾಚ್ ಬದಲಿಸೋದು ಕಷ್ಟ.

ಆಮೇಲೆ ಎಲ್ಲ ಪೋಷಕರನ್ನೂ ಒಮ್ಮೆ ಕೂರಿಸಿ ಲೆಕ್ಕ ಹೇಳಿ. ಶಾಲಾ ಹಂತದ ಎನ್‌ಸಿಸಿ ‘ಎ’ ಸರ್ಟಿಫಿಕೇಟ್ ಪರೀಕ್ಷೆಗೆ ಎರಡೂ ವರ್ಷದ ತರಬೇತಿ, ಶೇ 75 ಹಾಜರಾತಿ, ಒಂದು ಕ್ಯಾಂಪ್ ಬೇಕು. ಒಂಬತ್ತರಲ್ಲಿ ಬಿಟ್ಟರೆ ಎಂಟನೇದರ ಬೆವರೂ ವ್ಯರ್ಥ. ಆದರೆ ‘ಎ’ ಇದ್ದರೆ ಸೇನೆಗೆ ನೇರ ದಾರಿ ಅಂತ ಆಸೆ ಹುಟ್ಟಿಸಬೇಡಿ. ಎನ್‌ಸಿಸಿ ಮೂಲಕ ಲಿಖಿತ ಪರೀಕ್ಷೆಯಿಲ್ಲದೆ ಎಸ್‌ಎಸ್‌ಬಿಗೆ (ಸೇನಾಧಿಕಾರಿಗಳ ಆಯ್ಕೆ ಸಂದರ್ಶನ) ಅರ್ಜಿ ಹಾಕೋಕೆ ಕಾಲೇಜಿನ ‘ಸಿ’ ಸರ್ಟಿಫಿಕೇಟ್ ಬೇಕು, ಜೊತೆಗೆ ಪದವಿಯಲ್ಲಿ ಶೇ 50.

ಕ್ಯಾಂಪ್ ಸುಮಾರು 10 ದಿನ. ಒಪ್ಪಿಗೆ ಪತ್ರಕ್ಕೆ ಸಹಿ ಕೇಳುವ ಮುನ್ನ ಮಲಗುವ ವ್ಯವಸ್ಥೆ, ಊಟ, ಹೆಣ್ಣುಮಕ್ಕಳ ಜೊತೆ ಯಾವ ಮೇಡಂ ಇರ್ತಾರೆ ಅನ್ನೋದನ್ನ ಹೇಳಿಸಿ. ಅರ್ಧ ಭಯ ಅಲ್ಲೇ ಇಳಿಯುತ್ತೆ. ಅಲರ್ಜಿ, ಫಿಟ್ಸ್, ಉಬ್ಬಸ ಇದ್ದರೆ ಬಚ್ಚಿಡದೆ ಬರೆದುಕೊಡಿ.

ಪರೇಡಿಗೆ ಬರಿಹೊಟ್ಟೆಯಲ್ಲಂತೂ ಕಳಿಸಬೇಡಿ, ನಮ್ಮ ಬಿಸಿಲಿಗೆ ತಲೆಸುತ್ತು ಬರುತ್ತೆ. ಬೂಟು ಕಚ್ಚಿದರೆ ಎರಡು ಜೊತೆ ಕಾಲುಚೀಲ ಹಾಕಿಸಿ ನೋಡಿ.