ಎರಿಯ ಫೋಟೊದಲ್ಲಿ ಮೊಟ್ಟೆ ಕಾಣಬೇಕೆ?

ಪ್ರಶ್ನೆ: ಅಡಿಕೆ ತೋಟದ ಅಂಚಿನಲ್ಲಿ ಹವ್ಯಾಸಕ್ಕೆಂದು ಎರಡು ತುಡುವೆ ಜೇನಿನ ಪೆಟ್ಟಿಗೆ ಇಟ್ಟಿದ್ದೇನೆ. ಕುಟುಂಬ ಬೆಳೆಯುತ್ತಿದೆಯೇ ಎಂದು ನೋಡಲು ಎರಡು ದಿನಕ್ಕೊಮ್ಮೆ ತೆರೆದು ಮೊಬೈಲಿನಲ್ಲಿ ಫೋಟೊ ತೆಗೆಯುತ್ತೇನೆ. ಫೋಟೊದಲ್ಲಿ ನೊಣಗಳ ರಾಶಿ ಬಿಟ್ಟರೆ ಏನೂ ಗೊತ್ತಾಗುವುದಿಲ್ಲ. ಒಳ್ಳೆಯ ಕ್ಯಾಮೆರಾ ಕೊಳ್ಳಬೇಕೇ?
– ಪುತ್ತೂರು ತಾಲ್ಲೂಕಿನ ಓದುಗರು

ಉತ್ತರ: ಕ್ಯಾಮೆರಾದ ದುಡ್ಡು ಸದ್ಯಕ್ಕೆ ಜೇಬಿನಲ್ಲೇ ಇರಲಿ. ಮೊದಲು ಎರಡು ದಿನಕ್ಕೊಮ್ಮೆ ತೆರೆಯುವುದನ್ನು ನಿಲ್ಲಿಸಿ. ಮರಿ ಇರುವ ಎರಿಯನ್ನು, ಅಂದರೆ ಮೇಣದ ಕಣಗಳ ಹಲ್ಲೆಯನ್ನು, ನೊಣಗಳು ಹೆಚ್ಚುಕಡಿಮೆ 33ರಿಂದ 35 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕಾಯ್ದುಕೊಳ್ಳುತ್ತವೆ. ನೀವು ಮುಚ್ಚಳ ಎತ್ತಿದಾಗಲೆಲ್ಲ ಆ ಕೆಲಸ ಮತ್ತೆ ಮೊದಲಿನಿಂದ. ಅಲ್ಲದೆ ತುಡುವೆ ಕಿರುಕುಳ ಹೆಚ್ಚಾದರೆ ಜಗಳಕ್ಕೆ ನಿಲ್ಲುವುದಿಲ್ಲ, ಪೆಟ್ಟಿಗೆಯನ್ನೇ ಖಾಲಿ ಮಾಡಿ ಪರಾರಿಯಾಗುತ್ತದೆ. ಹೂವಿನ ಕಾಲದಲ್ಲಿ ಎಂಟು-ಹತ್ತು ದಿನಕ್ಕೊಮ್ಮೆ ತೆರೆದರೆ ಧಾರಾಳ. ಮಳೆಗಾಲದಲ್ಲಿ ಸಕ್ಕರೆ ಪಾಕ ಕೊಡುವಾಗ, ಅಡಿಹಲಗೆ ಗುಡಿಸುವಾಗ ಸಿಕ್ಕಷ್ಟೇ ಫೋಟೊ ಸಾಕು.

ತೆರೆದ ದಿನ ಲೆಕ್ಕಾಚಾರದಿಂದ ತೆರೆಯಿರಿ. ತುಡುವೆಗೆ ಬಳಸುವ ನ್ಯೂಟನ್ ಮಾದರಿಯ ಪೆಟ್ಟಿಗೆಯಾದರೆ ಮರಿ ಬೆಳೆಯುವ ಸಂಸಾರ ಕೋಣೆಯಲ್ಲಿ ಏಳು ಚೌಕಟ್ಟು ಇರುತ್ತವೆ. ಅವುಗಳ ಮೇಲ್ಪಟ್ಟಿಗೆ 1ರಿಂದ 7 ಎಂದು ಮಾರ್ಕರಿನಲ್ಲಿ ಬರೆಯಿರಿ, ಎರಡು ಮಗ್ಗುಲಿಗೆ ಅ, ಆ ಎಂದು ಗುರುತಿಡಿ. ಮೊದಲು ಗುರುತಿನ ಫೋಟೊ, ಆಮೇಲೆ ಎರಿಯದು. ಇಷ್ಟು ಮಾಡದಿದ್ದರೆ ತಿಂಗಳು ಕಳೆದ ಮೇಲೆ ಯಾವ ಎರಿ ಯಾವುದೆಂದು ನಿಮಗೇ ತಿಳಿಯದು. ಚೌಕಟ್ಟು ಹಿಡಿಯಲು ಒಬ್ಬರು, ಮೊಬೈಲಿಗೆ ಇನ್ನೊಬ್ಬರು ಇದ್ದರೆ ಒಳ್ಳೆಯದು. ಒಂದು ಕೈಯಲ್ಲಿ ಎರಿ ಹಿಡಿದು ಇನ್ನೊಂದರಲ್ಲಿ ಕ್ಲಿಕ್ಕಿಸುವ ಸಾಹಸ ಬೇಡ.

ಇನ್ನು ಮೊಟ್ಟೆಯ ವಿಷಯ. ಅದು ಅಕ್ಕಿ ನುಚ್ಚಿಗಿಂತಲೂ ಸಣ್ಣ, ಇರುವುದು ಕಣದ ತಳದಲ್ಲಿ. ಬೆಳಕು ತಳದವರೆಗೆ ಹೋಗದಿದ್ದರೆ ಎಷ್ಟು ದುಬಾರಿ ಕ್ಯಾಮೆರಾ ಇದ್ದರೂ ಅಷ್ಟೇ. ಬಿಸಿಲಿಗೆ ಬೆನ್ನು ಮಾಡಿ ನಿಲ್ಲಿ, ಹೆಗಲ ಮೇಲಿಂದ ಬಂದ ಬಿಸಿಲು ಎರಿಯ ಮೇಲೆ ಬೀಳಲಿ. ಕಣಗಳ ಬಾಯಿ ತುಸು ಮೇಲ್ಮುಖವಾಗಿರುತ್ತದೆ, ಹಾಗಾಗಿ ಸ್ವಲ್ಪ ಮೇಲಿನಿಂದ ನೋಡಿದರೆ ತಳ ಕಾಣುತ್ತದೆ. ಎರಿಯನ್ನು ಮಾತ್ರ ಅಡ್ಡಡ್ಡ ಮಲಗಿಸಬೇಡಿ: ಹಸಿ ಮಕರಂದ ಸೋರುತ್ತದೆ, ಹೊಸ ಎರಿಯಾದರೆ ಮುರಿದು ಕೈಗೇ ಬರುತ್ತದೆ. ಪೆಟ್ಟಿಗೆಯ ನೇರಕ್ಕೇ ಹಿಡಿಯಿರಿ, ರಾಣಿ ಜಾರಿದರೂ ಒಳಗೇ ಬೀಳಲಿ. ನೊಣ ಮುತ್ತಿಕೊಂಡು ಕಣ ಕಾಣದಿದ್ದರೆ ತುದಿಬೆರಳಿನಿಂದ ಹಗುರಾಗಿ ಸರಿಸಿ, ಅಥವಾ ತಿದಿಯಿಂದ ಒಂದೇ ಒಂದು ಸಣ್ಣ ಹೊಗೆ ಕೊಡಿ.

ಮೊಬೈಲಿನ ಮ್ಯಾಕ್ರೊ ಇಲ್ಲಿ ಉಪಯೋಗಕ್ಕಿಂತ ಉಪದ್ರವವೇ ಹೆಚ್ಚು. ಅದಕ್ಕಾಗಿ ಅಂಗುಲದಷ್ಟು ಹತ್ತಿರ ಹೋದರೆ ಫೋನಿನ ನೆರಳೇ ಎರಿಯ ಮೇಲೆ. ಒಂದಡಿ ದೂರದಿಂದ ಎರಡು ಪಟ್ಟು ಜೂಮ್ ಮಾಡಿ, ಪರದೆಯನ್ನು ಒತ್ತಿ ಹಿಡಿದು ಫೋಕಸ್ ಲಾಕ್ ಮಾಡಿ, ಬೆಳಕನ್ನು ಒಂದಿಷ್ಟು ತಗ್ಗಿಸಿ. ಹೊಸ ಎರಿ ಬೆಳ್ಳಗಿರುವುದರಿಂದ ಫೋನು ತಾನಾಗಿ ತೆಗೆದರೆ ಎಲ್ಲ ಬಿಳಿಚಿಹೋಗಬಹುದು.

ಬೆಳವಣಿಗೆ ಅಳೆಯಲು ಪರದೆಯ ಮೇಲಿನ ಒಂಬತ್ತು ಮನೆಯ ಗೆರೆ ಸಾಕು. ಚೌಕಟ್ಟು ಪರದೆ ತುಂಬುವಂತೆ ಹಿಡಿದು, ಎಷ್ಟು ಮನೆಯಲ್ಲಿ ಮೊಟ್ಟೆ, ಎಷ್ಟರಲ್ಲಿ ತೆರೆದ ಮರಿಹುಳು, ಎಷ್ಟರಲ್ಲಿ ಮುಚ್ಚಿದ ಮರಿ ಎಂದು ಬರೆದಿಡಿ. ಕೆಲಸಗಾರ ನೊಣ ಮೊಟ್ಟೆಯಾಗಿ ಇರುವುದು ಮೂರು ದಿನ, ಹುಳುವಾಗಿ ನಾಲ್ಕೈದು ದಿನ, ಮುಚ್ಚಳದೊಳಗೆ ಹನ್ನೊಂದು ದಿನದ ಆಸುಪಾಸು. ಹಾಗಾದರೆ ರಾಣಿ ಒಂದೇ ಹದದಲ್ಲಿ ಮೊಟ್ಟೆ ಇಡುತ್ತಿದ್ದರೆ ಮೊಟ್ಟೆಯ ಒಂದು ಪಾಲಿಗೆ ಮುಚ್ಚಿದ ಮರಿ ಮೂರೂವರೆ-ನಾಲ್ಕು ಪಾಲು ಇರಬೇಕು. ಮೊಟ್ಟೆ ಅದಕ್ಕಿಂತ ಹೆಚ್ಚಿದ್ದರೆ ಕುಟುಂಬ ಏರುತ್ತಿದೆ. ಮುಚ್ಚಿದ ಮರಿ ತುಂಬಿದ್ದು ಮೊಟ್ಟೆಯೇ ಕಾಣದಿದ್ದರೆ, ನೊಣ ಎಷ್ಟೇ ಗಿಜಿಗುಡುತ್ತಿರಲಿ, ಖುಷಿಪಡಬೇಡಿ. ರಾಣಿ ಇಲ್ಲದಿರಬಹುದು, ಅಥವಾ ಪಾಲಾಗುವ (ಹಳೆ ರಾಣಿ ಒಂದಷ್ಟು ನೊಣಗಳೊಡನೆ ಬೇರೆ ಹೋಗುವ) ತಯಾರಿಯಲ್ಲಿ ಮೊಟ್ಟೆ ನಿಲ್ಲಿಸಿರಬಹುದು.

ಪಾಲಾಗುವ ಸುಳಿವೂ ಫೋಟೊದಲ್ಲೇ ಸಿಗುತ್ತದೆ. ಎರಿಯ ಕೆಳ ಅಂಚನ್ನು ಬೇರೆಯಾಗಿ ತೆಗೆಯಿರಿ. ಮೊದಲು ಉಬ್ಬಿದ ಗಂಡುನೊಣದ ಕಣಗಳು ಬರುತ್ತವೆ. ತುಡುವೆಯಲ್ಲಿ ಅವುಗಳ ಮುಚ್ಚಳದ ನೆತ್ತಿಯಲ್ಲಿ ಸೂಜಿಮೊನೆಯಷ್ಟು ರಂಧ್ರವಿರುತ್ತದೆ. ಹೊಸಬರು ಅದನ್ನು ರೋಗವೆಂದು ಹೆದರುತ್ತಾರೆ. ಅದು ಈ ಜಾತಿಯ ಲಕ್ಷಣ, ಯುರೋಪಿನ ಸಾಕುಜೇನಾದ ಮೆಲ್ಲಿಫೆರಾದಲ್ಲಿ ಕಾಣದು. ಆಮೇಲೆ ಅಂಚಿನಿಂದ ಕೆಳಕ್ಕೆ ಇಳಿಬಿದ್ದ ರಾಣಿಕಣ. ಅದರ ತುದಿಯ ಮೇಣ ಕೆರೆದು ಕಂದು ಬಣ್ಣ ಕಂಡರೆ ಹೊಸ ರಾಣಿ ಹೊರಬರುವ ಹೊತ್ತಾಯಿತು. ಪಾಲು ಮಾಡುವುದಿದ್ದರೆ ತಡ ಮಾಡಬೇಡಿ.

ಪ್ರಶ್ನೆ: ಹಾರುವ ಜೇನಿನ ಸ್ಪಷ್ಟ ಚಿತ್ರ ಬೇಕು. ಫ್ಲ್ಯಾಶ್ ಹಾಕಿದರೆ ಕಚ್ಚುತ್ತವೆಯೇ?
– ಶಿರಸಿಯ ಓದುಗರು

ಉತ್ತರ: ಫ್ಲ್ಯಾಶಿಗಿಂತ ನಿಮ್ಮ ಉಸಿರೇ ಅವಕ್ಕೆ ಹೆಚ್ಚು ಕಿರಿಕಿರಿ. ಬಾಗಿಲ ಎದುರು ಮುಖವಿಟ್ಟು ಉಸಿರು ಬಿಟ್ಟರೆ ಕಾವಲು ನೊಣ ಹಣೆಗೇ ಬರುತ್ತದೆ. ಪಕ್ಕದಲ್ಲಿ ಕುಳಿತುಕೊಳ್ಳಿ, ಹಾರುವ ದಾರಿ ಬಿಡಿ, ಕಪ್ಪು ಬಟ್ಟೆ, ಸೆಂಟು ಬೇಡ. ರೆಕ್ಕೆ ಸೆಕೆಂಡಿಗೆ ಇನ್ನೂರಕ್ಕೂ ಹೆಚ್ಚು ಬಾರಿ ಬಡಿಯುವುದರಿಂದ ಅದು ನಿಂತಂತೆ ಕಾಣಬೇಕಾದರೆ ಷಟರ್ ವೇಗ ಸೆಕೆಂಡಿನ 2000ದ ಒಂದು ಭಾಗ ಅಥವಾ ಅದಕ್ಕಿಂತ ಚುರುಕಾಗಿರಬೇಕು. ನನಗೇನೋ ರೆಕ್ಕೆ ತುಸು ಮಸುಕಾಗಿದ್ದರೇ ಚೆಂದ. ಹಾರುವ ನೊಣದ ಹಿಂದೆ ಫೋಕಸ್ ಓಡಿಸಬೇಡಿ. ಬಾಗಿಲ ಹಲಗೆಯ ಅಂಚಿಗೆ ಮೊದಲೇ ಹೊಂದಿಸಿ ಕಾಯಿರಿ. ಮೊಬೈಲಾದರೆ ಸ್ಲೋ ಮೋಷನ್ ವಿಡಿಯೊ ತೆಗೆದು ಬೇಕಾದ ಚಿತ್ರ ಆರಿಸಿಕೊಳ್ಳಿ.

ಕಾಯುವಾಗ ಇನ್ನೊಂದು ನೋಡಿ. ಸೆಕೆಯ ಮಧ್ಯಾಹ್ನ ಬಾಗಿಲಲ್ಲಿ ಗಾಳಿ ಬೀಸುವ ತುಡುವೆ ತಲೆ ಹೊರಗೆ ಮಾಡಿ ನಿಂತಿರುತ್ತದೆ, ಮೆಲ್ಲಿಫೆರಾ ತಲೆಯನ್ನು ಬಾಗಿಲ ಕಡೆಗೆ ಮಾಡುತ್ತದೆ. ಬೆಳಗಿನ ಒಂದು ನಿಮಿಷದ ವಿಡಿಯೊದಲ್ಲಿ ಕಾಲಿಗೆ ಪರಾಗದ ಉಂಡೆ ಕಟ್ಟಿಕೊಂಡು ಬಂದವೆಷ್ಟು ಎಂದು ಎಣಿಸಿ. ಪರಾಗ ಚೆನ್ನಾಗಿ ಬರುತ್ತಿದ್ದರೆ ಒಳಗೆ ಮರಿ ಇದೆ ಎನ್ನಲು ಅಡ್ಡಿಯಿಲ್ಲ, ಪೆಟ್ಟಿಗೆ ಮುಟ್ಟುವ ಅಗತ್ಯವೂ ಇಲ್ಲ.

ಪ್ರಶ್ನೆ: ಕಳಿಸಿರುವ ಫೋಟೊದಲ್ಲಿ ಕೆಲವು ಕಣಗಳ ಹುಳು ತಲೆಯೆತ್ತಿ ನೆಟ್ಟಗೆ ಸತ್ತಿವೆ. ಏನಿದು?
– ಕೊಡಗಿನ ಓದುಗರು

ಉತ್ತರ: ಥಾಯ್ ಸ್ಯಾಕ್‌ಬ್ರೂಡ್ ಇರಬಹುದೆಂಬ ಅನುಮಾನ. 1990ರ ದಶಕದ ಆರಂಭದಲ್ಲಿ ನಮ್ಮ ತುಡುವೆ ಪೆಟ್ಟಿಗೆಗಳನ್ನು ಖಾಲಿ ಮಾಡಿದ ವೈರಸ್ ಇದೇ. ಚಿಮಟದಿಂದ ಒಂದು ಹುಳು ಎತ್ತಿ ನೋಡಿ: ನೀರು ತುಂಬಿದ ಚೀಲವಾಗಿ ಇಡಿಯಾಗಿ ಎದ್ದುಬಂದರೆ ಅನುಮಾನ ಬಲವಾಯಿತು. ಇದನ್ನು ವಾಸಿ ಮಾಡುವ ಔಷಧಿಯಿಲ್ಲ, ಅಂಗಡಿಯವರು ಕೊಟ್ಟ ಆ್ಯಂಟಿಬಯಾಟಿಕ್ ಹಾಕಬೇಡಿ. ಆ ಪೆಟ್ಟಿಗೆಯ ಎರಿಯನ್ನಾಗಲಿ ಚೌಕಟ್ಟನ್ನಾಗಲಿ ಬೇರೆ ಪೆಟ್ಟಿಗೆಗೆ ಹಾಕಬಾರದು. ರಾಣಿಯನ್ನು ಕೆಲವು ದಿನ ಪಂಜರದಲ್ಲಿಟ್ಟು ಮೊಟ್ಟೆ ನಿಲ್ಲಿಸಿದರೆ ಸೋಂಕಿಗೆ ಹೊಸ ಹುಳು ಸಿಗುವುದಿಲ್ಲ; ಕುಟುಂಬ ಬಲವಾಗಿದ್ದರೆ ಉಳಿಯುವ ಸಾಧ್ಯತೆ ಇದೆ. ಈ ಫೋಟೊವನ್ನೇ ತೋಟಗಾರಿಕೆ ಇಲಾಖೆಯ ಭಾಗಮಂಡಲದ ಜೇನುಸಾಕಣೆ ತರಬೇತಿ ಕೇಂದ್ರದವರಿಗೆ ತೋರಿಸಿ. ಜೊತೆಗೆ ಎರಿಯ ಪೂರ್ತಿ ಚಿತ್ರವೊಂದಿರಲಿ, ಒಂದೇ ಕಣದ ಕ್ಲೋಸಪ್ಪಿನಲ್ಲಿ ರೋಗ ಎಷ್ಟು ಹರಡಿದೆ ಎಂದು ತಿಳಿಯುವುದಿಲ್ಲ.