ಉಂಡ ಮನೆಯ ಜಂತೆ ಎಣಿಸಿದಂತಾಗುವುದಿಲ್ಲ

ಪುಣೆಯ ದಿಘಿಯಿಂದ ನಿವೃತ್ತ ಹವಾಲ್ದಾರರೊಬ್ಬರು ಬರೆದ ಪತ್ರದ ಸಾರ ಇಷ್ಟು: ಊರು ಇಂಡಿ ತಾಲೂಕು. 1998ರಲ್ಲಿ ಭರ್ತಿ, 2022ರಲ್ಲಿ ನಿವೃತ್ತಿ. ನಡುವೆ ಕಾಶ್ಮೀರ ಕಣಿವೆ, ಆಮೇಲೆ ಎರಡೂವರೆ ವರ್ಷ ಎತ್ತರದ ಹಿಮಪ್ರದೇಶ. ಬಿಪಿ ಪತ್ತೆಯಾದದ್ದು ಮಾತ್ರ 2017ರಲ್ಲಿ, ಸಿಕಂದರಾಬಾದಿನ ಪೀಸ್ ಪೋಸ್ಟಿಂಗಿನಲ್ಲಿ, ಅಂದರೆ ಕಾರ್ಯಾಚರಣೆಯಿಂದ ದೂರದ ಶಾಂತ ನೆಲೆಯಲ್ಲಿ. ಬಿಡುಗಡೆಯ ಮೆಡಿಕಲ್ ಬೋರ್ಡು ಜೀವನಪರ್ಯಂತ ಶೇ. 30 ವೈಕಲ್ಯ ಎಂದು ಬರೆದು, ಸೇವೆಗೂ ಇದಕ್ಕೂ ಸಂಬಂಧವಿಲ್ಲ ಎಂದಿತು; ಹಾಗಾಗಿ ವೈಕಲ್ಯ ಪಿಂಚಣಿ ಸಿಗಲಿಲ್ಲ. ಮೊದಲ ಅಪೀಲು ಹೋದ ತಿಂಗಳು ಒಂದೇ ಸಾಲಿನಲ್ಲಿ ತಿರಸ್ಕೃತವಾಗಿದೆ. 'ಅನ್ನ ಕೊಟ್ಟ ಸೈನ್ಯದ ಮೇಲೆ ಕೇಸು ಹಾಕೋದು ಉಂಡ ಮನೆಯ ಜಂತೆ ಎಣಿಸಿದ ಹಾಗಲ್ವಾ? ಸುಳ್ಳು ಹೇಳಿ ಪಡೆಯೋರೂ ಇದ್ದಾರೆ. ಅವರ ಸಾಲಿನಲ್ಲಿ ನಾನೂ ನಿಲ್ಲಬೇಕಾ?' ಎಂದು ಕೇಳಿದ್ದಾರೆ.

ಸಂಪಾದಕರ ಉತ್ತರ: ಹವಾಲ್ದಾರರೇ, ಸುಳ್ಳು ಕ್ಲೇಮುಗಳು ಇಲ್ಲವೆಂದು ಯಾರೂ ಹೇಳಲಾರರು. ಭರ್ತಿಯ ದಿನ ಕಾಣದ ರೋಗವೆಲ್ಲ ಸೈನ್ಯದಿಂದಲೇ ಬಂತು ಎನ್ನಲಾಗದು ಎಂದು 2019ರಲ್ಲಿ ಸುಪ್ರೀಂ ಕೋರ್ಟು ನರಸಿಂಗ್ ಯಾದವ್ ಪ್ರಕರಣದಲ್ಲಿ, ಮಾನಸಿಕ ಕಾಯಿಲೆಯ ವಿಷಯದಲ್ಲಿ, ಹೇಳಿದೆ. ವೈದ್ಯರ ಮಾತಿಗೆ ಬೆಲೆ ಇರಲೇಬೇಕು, ಒಪ್ಪಿದೆ. ಆದರೆ ಸುಳ್ಳು ಹೇಳುವವರ ಲೆಕ್ಕವನ್ನು ನಿಮ್ಮ ತಲೆಗೇಕೆ ಕಟ್ಟಿಕೊಳ್ಳುತ್ತೀರಿ? ನೀವು ಕೇಳುತ್ತಿರುವುದು ಭಿಕ್ಷೆಯಲ್ಲ, ಒಂದು ಕಾರಣ. ಕಾರಣ ಬರೆಯದ ಆದೇಶ ಆದೇಶವೇ ಅಲ್ಲ ಎಂಬುದು ಈ ಪತ್ರಿಕೆಯ ಹಳೆಯ ನಂಬಿಕೆ. ರೇಷನ್ ಕಾರ್ಡಿನಿಂದ ಹಿಡಿದು ಸೈನಿಕನ ಪಿಂಚಣಿಯವರೆಗೆ ಅದನ್ನೇ ಹೇಳುತ್ತ ಬಂದಿದ್ದೇವೆ.

ನಿಮ್ಮ ಬೋರ್ಡಿನ ಕಾಗದವನ್ನು ಇನ್ನೊಮ್ಮೆ ತೆರೆಯಿರಿ. ಅದು ಎಎಫ್‌ಎಂಎಸ್‌ಎಫ್-16 ಎಂಬ ನಮೂನೆ. ಅದರಲ್ಲಿ ರೋಗದ ಹೆಸರಿನ ಮುಂದೆ ಎರಡು ಬೇರೆ ಬೇರೆ ಪ್ರಶ್ನೆಗಳಿವೆ: ಇದು ಸೇವೆಯಿಂದ ಹುಟ್ಟಿತೇ, ಸೇವೆಯಿಂದ ಉಲ್ಬಣಿಸಿತೇ. ಎರಡಕ್ಕೂ ಇಲ್ಲ ಎಂದಾದರೆ ಫೌಜಿಗಳ ಬಾಯಲ್ಲಿ ಅದು 'ನಾನಾ' (ಇಂಗ್ಲಿಷ್ ಪದಗಳ ಮೊದಲಕ್ಷರ ಕೂಡಿಸಿದ NANA). ಪಕ್ಕದಲ್ಲಿ ಕಾರಣ ಬರೆಯಲು ಜಾಗವಿದೆ. ನಿಮ್ಮದರಲ್ಲಿ ಅಲ್ಲಿರುವುದು 'ಪೀಸ್ ಸ್ಟೇಷನ್ನಿನಲ್ಲಿ ಆರಂಭ' ಎಂಬ ಮೂರು ಪದ. ಇಡೀ ವ್ಯಾಜ್ಯ ಆ ಮೂರು ಪದಗಳ ಮೇಲೆ ನಿಂತಿದೆ.

ವೈದ್ಯಾಧಿಕಾರಿಗಳಿಗೆಂದೇ ಇರುವ ಸೈನಿಕ ಪಿಂಚಣಿ ಕೈಪಿಡಿಯ 43ನೇ ಪರಿಚ್ಛೇದ ಬಿಪಿಗೆ ಸಂಬಂಧಿಸಿದ್ದು. ಫೀಲ್ಡ್ (ಕಾರ್ಯಾಚರಣೆಯ ನೆಲೆ), ಎತ್ತರದ ಪ್ರದೇಶ, ಬಂಡುಕೋರರ ವಿರುದ್ಧದ ಕಾರ್ಯಾಚರಣೆ, ದೀರ್ಘ ಸಮುದ್ರಯಾನದಲ್ಲಿದ್ದಾಗ ಬಂದ ಬಿಪಿ ಸೇವೆಯಿಂದ ಉಲ್ಬಣಿಸಿದ್ದು ಎಂದು ಅದು ಹೇಳುತ್ತದೆ. ಬೋರ್ಡುಗಳು ಅಲ್ಲಿಗೇ ಓದಿ ನಿಲ್ಲಿಸುತ್ತವೆ. ಅದೇ ಪರಿಚ್ಛೇದದಲ್ಲಿ ಇನ್ನೊಂದು ಮಾತಿದೆ: ದೀರ್ಘಕಾಲ, ಮತ್ತೆಮತ್ತೆ ಫೀಲ್ಡಿನಲ್ಲಿ ದುಡಿದ ಮೇಲೆ ರೋಗ ಕಾಣಿಸಿಕೊಳ್ಳುವುದುಂಟು, ಒತ್ತಡಕ್ಕೆ ಒಬ್ಬೊಬ್ಬರ ದೇಹ ಒಂದೊಂದು ಥರ ಸ್ಪಂದಿಸುತ್ತದೆ. ನಿಮ್ಮ ಪ್ರಕರಣ ಇರುವುದು ಇಲ್ಲಿ. ಪೀಸ್ ಸ್ಟೇಷನ್ನಿನಲ್ಲಿ ಶುರುವಾಯಿತು ಎಂಬುದಷ್ಟೇ ಸಾಕಾಗದು ಎಂದು 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟು ಸಕ್ಕರೆ ಕಾಯಿಲೆಯ ಪ್ರಕರಣವೊಂದರಲ್ಲಿ ಹೇಳಿದ್ದೂ ನಿಮ್ಮ ಕಡೆಗೇ ಇದೆ.

ಎಲ್ಲದರ ಬುನಾದಿ 2013ರ ಧರಮ್‌ವೀರ್ ಸಿಂಗ್ ತೀರ್ಪು. ಸಿಗ್ನಲ್ಸ್ ದಳದ ಆ ಸೈನಿಕ 1985ರಲ್ಲಿ ಸೇರಿದವರು. ಫಿಟ್ಸ್ ಬಂದು 1994ರಲ್ಲಿ ಶೇ. 20 ವೈಕಲ್ಯದೊಂದಿಗೆ ಹೊರಬಿದ್ದರು. ಹುಟ್ಟುಗುಣದ ರೋಗ ಎಂದು ಬೋರ್ಡು ಕೈತೊಳೆದುಕೊಂಡಿತ್ತು. ಭರ್ತಿಯ ವೈದ್ಯಕೀಯ ತಪಾಸಣೆಯಲ್ಲಿ ಆ ರೋಗದ ದಾಖಲೆಯೇ ಇಲ್ಲದಿರುವಾಗ ಆರೋಗ್ಯವಂತನಾಗಿಯೇ ಸೇರಿದ ಎಂದು ಭಾವಿಸಬೇಕು, ಅಲ್ಲವೆಂದು ತೋರಿಸುವ ಹೊಣೆ ಸರ್ಕಾರದ್ದು, ಆಗಲೇ ಏಕೆ ಪತ್ತೆಯಾಗಲಿಲ್ಲ ಎಂಬುದಕ್ಕೆ ಬೋರ್ಡು ಕಾರಣ ಬರೆಯಬೇಕು ಎಂದು ಸುಪ್ರೀಂ ಕೋರ್ಟು ಹೇಳಿತು. ಫೌಜಿ ಪಿಂಚಣಿಯ ಅಪೀಲುಗಳಲ್ಲಿ ಇಷ್ಟು ಸಲ ಉಲ್ಲೇಖಗೊಂಡ ತೀರ್ಪು ಬೇರೆ ಇರಲಾರದು.

ಇನ್ನು ದಾರಿ. ತಿರಸ್ಕಾರ ಪತ್ರ ಬಂದ ದಿನದಿಂದ 6 ತಿಂಗಳೊಳಗೆ ನಿಮ್ಮ ಸೇವಾ ದಾಖಲೆಗಳಿರುವ ರೆಕಾರ್ಡ್ ಆಫೀಸಿನ ಮೂಲಕ ಎರಡನೇ ಅಪೀಲು. ಬೋರ್ಡಿನ ಪೂರ್ತಿ ನಡಾವಳಿ, ಮೊದಲ ಅಪೀಲು ಸಮಿತಿಯ ಟಿಪ್ಪಣಿ ನಿಮ್ಮ ಬಳಿ ಇಲ್ಲದಿದ್ದರೆ ಇಂದೇ 10 ರೂಪಾಯಿಯ ಪೋಸ್ಟಲ್ ಆರ್ಡರಿನೊಂದಿಗೆ ಮಾಹಿತಿ ಹಕ್ಕಿನಲ್ಲಿ ಕೇಳಿ, 30 ದಿನದಲ್ಲಿ ಉತ್ತರ ಬರಬೇಕು. ಅದು ಬರಲಿ ಎಂದು ಗಡುವು ಮೀರಿಸಬೇಡಿ. ಎರಡನೇ ಅಪೀಲಿಗೆ 6 ತಿಂಗಳಾದರೂ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಇದೇ ಥರ ಇದ್ದರೆ, ಮತ್ತೆ 6 ತಿಂಗಳೊಳಗೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿ. ನೀವು ಪುಣೆಯಲ್ಲಿ ನೆಲೆಸಿರುವುದರಿಂದ ಮುಂಬಯಿ ಪೀಠ. ಮಹಾರಾಷ್ಟ್ರ, ಗುಜರಾತ್, ಗೋವಾ ಅದರ ವ್ಯಾಪ್ತಿ. ಇಂಡಿಗೆ ಹೋಗಿ ನೆಲೆಸಿದರೆ ಕೊಚ್ಚಿ ಪೀಠಕ್ಕೆ ಹೋಗಬೇಕಾಗುತ್ತದೆ, ಅದನ್ನು ಯೋಚಿಸಿ. ತಡವಾದವರಿಗೂ ಬಾಗಿಲು ಪೂರ್ತಿ ಮುಚ್ಚಿಲ್ಲ. ಪಿಂಚಣಿ ತಿಂಗಳುತಿಂಗಳು ಮುಂದುವರಿಯುವ ಅನ್ಯಾಯ ಎಂದು 2008ರ ತರ್ಸೆಮ್ ಸಿಂಗ್ ತೀರ್ಪು ಒಪ್ಪಿದೆ. ಆದರೆ ಆ ತೀರ್ಪಿನಂತೆ ಅರಿಯರ್ಸ್ ಸಾಮಾನ್ಯವಾಗಿ ಅರ್ಜಿಗೆ ಹಿಂದಿನ 3 ವರ್ಷಕ್ಕೆ ಸೀಮಿತ. ಬಿಡುಗಡೆಯಾಗಿ 15 ವರ್ಷ ದಾಟಿದ ಮೇಲೆ ಕೇಳಿದರೆ ಸಾಬೀತುಮಾಡುವ ಹೊಣೆಯೂ ನಿಮ್ಮ ಮೇಲೇ ಬರುತ್ತದೆ. ಇನ್ನೊಂದು ಎಚ್ಚರಿಕೆ: ಕ್ಯಾಂಟೀನಿನ ಸಾಲಿನಲ್ಲಿ ಕೇಳಿಬರುವ ವೈಕಲ್ಯ ಪಿಂಚಣಿಯ ಹೊಸ ನಿಯಮಗಳು 2023ರ ಸೆಪ್ಟೆಂಬರ್ 21ರ ನಂತರ ನಿವೃತ್ತರಾದವರಿಗೆ. ನಿಮಗೆ ಅನ್ವಯಿಸುವುದು 2008ರ ನಿಯಮಗಳು.

ದುಡ್ಡಿನ ಮಾತಿಗೆ ನೀವು ನಾಚಿಕೊಂಡಿದ್ದೀರಿ, ನಾವು ನಾಚುವುದಿಲ್ಲ. ನೂರಕ್ಕೆ ನೂರು ವೈಕಲ್ಯಕ್ಕೆ ತಿಂಗಳಿಗೆ ಸಿಗುವುದು ಕೊನೆಯ ಸಂಬಳದ ಶೇ. 30. ಶೇ. 30 ವೈಕಲ್ಯವೆಂದರೆ ಸಂಬಳದ ಶೇ. 9. 50,000 ಸಂಬಳವಿದ್ದವರಿಗೆ 4,500 ರೂಪಾಯಿ. ಆದರೆ 50ಕ್ಕಿಂತ ಕಡಿಮೆಯಿದ್ದದ್ದನ್ನು 50 ಎಂದೇ ಹಿಡಿಯಬೇಕು, ಅದು ಅವಧಿ ಮುಗಿಸಿ ನಿವೃತ್ತರಾದವರಿಗೂ ಸಲ್ಲುತ್ತದೆ ಎಂದು 2014ರ ರಾಮ್ ಅವತಾರ್ ತೀರ್ಪು ಹೇಳಿದೆ. ಆಗ 7,500. ಮೇಲೆ ತುಟ್ಟಿಭತ್ಯೆ. ಅಪೀಲಿನಲ್ಲಿ ಈ ಬೇಡಿಕೆಯನ್ನು ಬೇರೆಯಾಗಿಯೇ ಬರೆಯಿರಿ. ಬರೆಯದೆ ಬಿಟ್ಟು, ಗೆದ್ದ ಮೇಲೂ ಅದಕ್ಕಾಗಿ ಮತ್ತೊಂದು ಸುತ್ತು ಅಲೆಯುವವರಿದ್ದಾರೆ.

ಸೈನಿಕರ ವಿರುದ್ಧ ಸರ್ಕಾರವೇ ಹೂಡುವ ಮೇಲ್ಮನವಿಗಳನ್ನು ತಗ್ಗಿಸಲು ಗೋವೆಯ ಮನೋಹರ ಪರ್ರೀಕರ್ ರಕ್ಷಣಾ ಮಂತ್ರಿಯಾಗಿದ್ದಾಗ 2015ರಲ್ಲಿ ತಜ್ಞರ ಸಮಿತಿ ನೇಮಿಸಿದರು. ಅದರ ವರದಿ ಅದೇ ವರ್ಷ ಬಂತು. ಹತ್ತು ವರ್ಷಗಳ ನಂತರವೂ ಸರ್ಕಾರ ವೈಕಲ್ಯ ಪಿಂಚಣಿಗಾಗಿ ಕೋರ್ಟಿನ ಮೆಟ್ಟಿಲು ಹತ್ತುತ್ತಲೇ ಇದೆ. ತೀರ್ಪು ಸೈನಿಕನ ಪರ ಬಂದರೂ ಮುಂದಿನ ಸೈನಿಕನಿಗೆ ಅದೇ ಅಚ್ಚಿನ ಸಾಲು ಹೋಗುತ್ತದೆ. ಅದೂ ಇಂಗ್ಲಿಷಿನಲ್ಲಿ. ಊರಿನ ಕನ್ನಡ ಶಾಲೆಯಲ್ಲಿ ಓದಿ ಭರ್ತಿಯಾದ ಹುಡುಗ, ಕಡೆಗೆ ತನ್ನ ದೇಹದ ಬಗ್ಗೆ ಯಾರೋ ಬರೆದದ್ದರ ಕೆಳಗೆ ಅರ್ಥವಾಗದೆ ಸಹಿ ಹಾಕುತ್ತಾನೆ. ಈ ಸಹಿಗೆ ಮುಂಚೆ ಯಾರಾದರೂ ಅವನ ಭಾಷೆಯಲ್ಲಿ ಓದಿ ಹೇಳಲಿ ಎಂದು ಕೇಳಿದರೆ ಅದು ಸೈನ್ಯಕ್ಕೆ ಅಗೌರವವೇ?

ಜಂತೆ ಎಣಿಸುವವನು ಮನೆ ಬೀಳಲಿ ಎಂದು ಬಯಸುವವನು. ನೀವು 24 ವರ್ಷ ಆ ಮನೆಯ ಕಂಬವಾಗಿ ನಿಂತವರು. ಹಾಗಾಗಿ ಟ್ರಂಕು ಕೆಳಗಿಳಿಸಿ, ಡಿಸ್ಚಾರ್ಜ್ ಬುಕ್ ಹೊರತೆಗೆಯಿರಿ. ಒಂದು ಹಾಳೆಯಲ್ಲಿ ಇಸವಿ, ಸ್ಥಳ, ಫೀಲ್ಡೋ ಪೀಸೋ ಎಂದು 24 ವರ್ಷದ ಪೋಸ್ಟಿಂಗ್ ಪಟ್ಟಿ ಮಾಡಿ, ಅದನ್ನೇ ಅಪೀಲಿನ ಮೊದಲ ಪುಟವಾಗಿಸಿ. 1998ರ ಭರ್ತಿ ತಪಾಸಣೆಯಲ್ಲಿ ಬಿಪಿಯ ದಾಖಲೆ ಇಲ್ಲ ಎಂಬ ಮಾತು ಎರಡನೇ ಪುಟದ ಮೊದಲ ಸಾಲಾಗಲಿ, 43ನೇ ಪರಿಚ್ಛೇದ ಅದರ ಬೆನ್ನಿಗೆ. ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ರಸೀದಿಯನ್ನು ತಿರಸ್ಕಾರ ಪತ್ರಕ್ಕೆ ಪಿನ್ ಮಾಡಿ. ಆ ಕಡತ ಎಲ್ಲಿದೆ ಎಂಬುದು ನಿಮ್ಮ ಮನೆಯವರಿಗೂ ಗೊತ್ತಿರಲಿ.