ಅಭಿಮಾನಿ ಕಥೆ ಸ್ವಂತ ಕಾದಂಬರಿಯಾಗಬಹುದೇ?

ಪ್ರಶ್ನೆ: ಜನಪ್ರಿಯ ಪತ್ತೇದಾರಿ ಕಾದಂಬರಿಯೊಂದರ ನಾಯಕನನ್ನು ನಮ್ಮೂರಿಗೆ ಕರೆತಂದು ನಾನು ಬರೆದ ಅಭಿಮಾನಿ ಕಥೆಯನ್ನು ಗೆಳತಿಯರು ಮೆಚ್ಚಿದ್ದಾರೆ. ಪಾತ್ರಗಳ ಹೆಸರು ಬದಲಿಸಿ ಅದನ್ನು ಸ್ವಂತ ಕಾದಂಬರಿಯಾಗಿ ಪ್ರಕಟಿಸಬಹುದೇ?
– ಓದುಗರೊಬ್ಬರು, ಗಂಗಾವತಿ, ಕೊಪ್ಪಳ ಜಿಲ್ಲೆ

ಉತ್ತರ: ಪ್ರಕಟಿಸಬಹುದು, ಆದರೆ ಹೆಸರು ಬದಲಿಸಿದಷ್ಟಕ್ಕೆ ಕೆಲಸ ಮುಗಿಯುವುದಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಲೇಖಕರ ಜೀವಿತಾವಧಿ ಮತ್ತು ಮರಣಾನಂತರದ 60 ವರ್ಷಗಳವರೆಗೆ ಕೃತಿಯ ಮೇಲಿನ ಹಕ್ಕು ಉಳಿಯುತ್ತದೆ. ಕಥಾವಸ್ತುವಿನ ಮೇಲೆ ಯಾರಿಗೂ ಹಕ್ಕಿಲ್ಲವೆಂದೂ ಅದನ್ನು ನಿರೂಪಿಸಿದ ರೀತಿಗೆ ಮಾತ್ರ ರಕ್ಷಣೆಯೆಂದೂ ಸುಪ್ರೀಂ ಕೋರ್ಟ್ 1978ರಲ್ಲಿ ಆರ್.ಜಿ. ಆನಂದ್ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. (ಭೀಮನನ್ನೋ ಶಕುನಿಯನ್ನೋ ಬಳಸಿಕೊಂಡಿದ್ದರೆ ಈ ತಾಪತ್ರಯವೇ ಇರುತ್ತಿರಲಿಲ್ಲ.)

ಕಾನೂನಿಗಿಂತ ಬರವಣಿಗೆಯ ತೊಡಕೇ ದೊಡ್ಡದೆಂದು ನನ್ನ ಅಭಿಪ್ರಾಯ. ಅಭಿಮಾನಿ ಕಥೆಯಲ್ಲಿ ನಾಯಕನು ಹುಬ್ಬೇರಿಸಿದರೆ ಸಾಕು, ಮೂಲವನ್ನು ಓದಿದವರಿಗೆ ಅವನ ಹಿಂದಿನದೆಲ್ಲ ನೆನಪಾಗುತ್ತದೆ. ಹೆಸರು ಕಳಚಿದೊಡನೆ ಆ ಎರವಲು ನೆನಪು ಹೋಗಿ ಹುಬ್ಬೊಂದೇ ಉಳಿಯುತ್ತದೆ. ಆದ್ದರಿಂದ ಅವನಿಗೆ ಹೊಸ ಬದುಕನ್ನೇ ಕೊಡಿ. ಅವನು ನಿಮ್ಮೂರಿನ ಅಕ್ಕಿ ಗಿರಣಿಯೊಂದರ ಗುಮಾಸ್ತನಾಗಿದ್ದು, ತೌಡಿನ ಧೂಳು ಮೆತ್ತಿದ ತೂಕದ ಚೀಟಿಗಳಲ್ಲಿ ಒಂದೇ ಲಾರಿಯ ಸಂಖ್ಯೆ ಒಂದೇ ರಾತ್ರಿ ಎರಡು ಬಾರಿ ಬಂದಿರುವುದನ್ನು ಗಮನಿಸುವವನಾದರೆ, ಅವನ ಅನುಮಾನ, ಭಯ, ಮಾತಿನ ಧಾಟಿ ಎಲ್ಲವೂ ಬೇರೆಯಾಗುತ್ತವೆ; ಮೂಲದಿಂದ ಬಂದ ಸಂಭಾಷಣೆ ಮತ್ತು ಘಟನೆಗಳ ಸರಣಿ ಅವನಿಗೆ ಹೊಂದದೆ ತಾವಾಗಿಯೇ ಕಳಚಿಬೀಳುತ್ತವೆ.

ಮೂಲವನ್ನು ಓದಿರದ ಒಬ್ಬರಿಗೆ ಹಸ್ತಪ್ರತಿ ಕೊಟ್ಟು, ಅವರು ತಡವರಿಸಿದ ಕಡೆಯಲ್ಲೆಲ್ಲ ಮತ್ತೆ ಬರೆಯಿರಿ. ಕೃತಿ ಸ್ವಂತದ್ದೆಂದು ಸಾಮಾನ್ಯವಾಗಿ ಒಪ್ಪಂದದಲ್ಲಿ ಸಹಿ ಹಾಕಬೇಕಾಗುವುದರಿಂದ, ಅದು ಹುಟ್ಟಿದ ಬಗೆಯನ್ನು ಪ್ರಕಾಶಕರಿಗೆ ಮೊದಲೇ ತಿಳಿಸಿ.